ಒಂದೇ ಊರು, ಮೂರು ಸಂಬಳದ ಚೀಟಿ

2025ರ ಅಕ್ಟೋಬರ್ 17ರಂದು ಮಹಾರಾಷ್ಟ್ರದ ಓಝರಿನಿಂದ ತೇಜಸ್ ಮಾರ್ಕ್-1ಎ ಯುದ್ಧವಿಮಾನವೊಂದು ಮೊದಲ ಸಲ ಮೇಲೇರಿತು. ರಕ್ಷಣಾ ಸಚಿವ ರಾಜನಾಥ್ ಸಿಂಗ್ ಅಂದು ಅಲ್ಲಿ ತೇಜಸ್ ತಯಾರಿಕೆಯ ಮೂರನೆಯ ಘಟಕವನ್ನು ಉದ್ಘಾಟಿಸಿದರು. ಅದಕ್ಕೆ ಮೂರು ವಾರ ಮುಂಚೆ ವಾಯುಪಡೆ ಚಂಡೀಗಢದಲ್ಲಿ ಮಿಗ್-21 ವಿಮಾನಗಳನ್ನು ಬೀಳ್ಕೊಟ್ಟಿತ್ತು. ಭಾರತದಲ್ಲಿ ಮಿಗ್-21 ರೂಪುಗೊಂಡದ್ದು ಇದೇ ಓಝರಿನ ಕಾರ್ಖಾನೆಯಲ್ಲಿ. ಆಮೇಲೆ ಮಿಗ್-27 ಬಂತು, ಅದರ ನಂತರ ಸುಖೋಯ್-30. ನಾಶಿಕ ನಗರದಿಂದ ಸುಮಾರು ಇಪ್ಪತ್ತು ಕಿಲೋಮೀಟರ್ ದೂರ, ಮುಂಬೈ-ಆಗ್ರಾ ಹೆದ್ದಾರಿಯ ಮೇಲೆ, ನಿಫಾಡ್ ತಾಲ್ಲೂಕಿನ ದ್ರಾಕ್ಷಿ ತೋಟ ಮತ್ತು ಈರುಳ್ಳಿ ಹೊಲಗಳ ನಡುವೆ ಆರು ದಶಕಗಳಿಂದ ಯುದ್ಧವಿಮಾನ ಕಟ್ಟುತ್ತಿರುವ ಊರು ಇದು.

ಆದರೆ ಈ ಲೇಖನದ ವಿಷಯ ವಿಮಾನವಲ್ಲ, ಸಂಬಳ. ಸರ್ಕಾರಿ ನೌಕರರಿಗೆ ಖಾಸಗಿಯವರಿಗಿಂತ ಅತಿಯಾದ ಸಂಬಳ ಸಿಗುತ್ತಿದೆಯೇ ಎಂಬ ಪ್ರಶ್ನೆ ವೇತನ ಆಯೋಗ ಕೂತಾಗಲೆಲ್ಲ ಏಳುತ್ತದೆ. ಈಗ ಕೇಂದ್ರದ ಎಂಟನೆಯ ವೇತನ ಆಯೋಗ ಕೂತಿದೆ, ಪ್ರಶ್ನೆಯೂ ಎದ್ದಿದೆ. ಇದಕ್ಕೆ ಉತ್ತರ ಹುಡುಕಲು ದೆಹಲಿಗಿಂತ ಓಝರ್ ಒಳ್ಳೆಯ ಜಾಗ. ಸರ್ಕಾರದ ದುಡ್ಡಿನಿಂದ ನಡೆಯುವ ಒಂದೇ ಬಗೆಯ ಕೆಲಸಕ್ಕೆ ಮೂರು ಬೇರೆ ಬೇರೆ ಲೆಕ್ಕದಲ್ಲಿ ಸಂಬಳ ಕೊಡುವುದನ್ನು ಇಲ್ಲಿ ಅಕ್ಕಪಕ್ಕದಲ್ಲೇ ನೋಡಬಹುದು.

ಓಝರಿನ ಕಾರ್ಖಾನೆ ನಡೆಸುವುದು ಹಿಂದೂಸ್ತಾನ್ ಏರೋನಾಟಿಕ್ಸ್, ಅಂದರೆ ಎಚ್‌ಎಎಲ್. ಕನ್ನಡಿಗರಿಗೆ ಎಚ್‌ಎಎಲ್ ಎಂದರೆ ಬೆಂಗಳೂರು. ಹುಟ್ಟಿದ್ದೂ ಅಲ್ಲೇ, 1940ರ ಡಿಸೆಂಬರ್‌ನಲ್ಲಿ. ಆದರೆ ಹುಟ್ಟುವಾಗ ಅದು ಸರ್ಕಾರಿ ಉದ್ದಿಮೆಯಾಗಿರಲಿಲ್ಲ. ಸೊಲ್ಲಾಪುರ ಮೂಲದ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸಂಸ್ಥಾನ ಬಂಡವಾಳ ಹೂಡಿ ಕಟ್ಟಿದ ಖಾಸಗಿ ಕಂಪನಿ ಅದು. ಯುದ್ಧದ ಒತ್ತಡದಲ್ಲಿ ಭಾರತ ಸರ್ಕಾರ ಎರಡೇ ವರ್ಷದಲ್ಲಿ ಅದನ್ನು ಕೈಗೆ ತೆಗೆದುಕೊಂಡಿತು. ಮಿಗ್ ತಯಾರಿಸಲು ಸೋವಿಯತ್ ಒಕ್ಕೂಟದೊಡನೆ ಒಪ್ಪಂದವಾದ ಮೇಲೆ ವಿಮಾನದ ದೇಹಕ್ಕೆ ಓಝರ್, ಎಂಜಿನ್‌ಗೆ ಒಡಿಶಾದ ಕೋರಾಪುಟ್, ಎಲೆಕ್ಟ್ರಾನಿಕ್ಸ್‌ಗೆ ಹೈದರಾಬಾದ್ ಎಂದು ಜಾಗ ಗೊತ್ತಾಯಿತು. ಆಗಿನ ರಕ್ಷಣಾ ಸಚಿವ ಯಶವಂತರಾವ್ ಚವಾಣ್ 1963ರಲ್ಲಿ ನಾಶಿಕದಿಂದಲೇ ಅವಿರೋಧವಾಗಿ ಲೋಕಸಭೆಗೆ ಆಯ್ಕೆಯಾದವರು. ಕಾರ್ಖಾನೆಯ ಜೊತೆಗೆ ಟೌನ್‌ಶಿಪ್ ಎದ್ದಿತು. ಕ್ವಾರ್ಟರ್ಸ್, ಶಾಲೆ, ಆಸ್ಪತ್ರೆ ಬಂದವು.

ಈಗ ಸಂಬಳದ ಚೀಟಿಗಳನ್ನು ನೋಡೋಣ. ಓಝರಿನಲ್ಲಿ ವಾಯುಪಡೆಯ 11ನೆಯ ಬೇಸ್ ರಿಪೇರ್ ಡಿಪೋ ಇದೆ. ಮಿಗ್-29, ಸುಖೋಯ್ ವಿಮಾನಗಳನ್ನು ಬಿಚ್ಚಿ, ದುರಸ್ತಿ ಮಾಡಿ, ಮತ್ತೆ ಹಾರಲು ಸಿದ್ಧಗೊಳಿಸುವ ಜಾಗ. ಅಲ್ಲಿನ ಸಿವಿಲಿಯನ್ ನೌಕರರು ಅಪ್ಪಟ ಕೇಂದ್ರ ಸರ್ಕಾರಿ ನೌಕರರು. ಅವರ ಸಂಬಳ ನಿರ್ಧರಿಸುವುದು ವೇತನ ಆಯೋಗ. ಎಚ್‌ಎಎಲ್‌ನ ಕಾಯಂ ಕಾರ್ಮಿಕರು ಸಾರ್ವಜನಿಕ ವಲಯದ ಉದ್ದಿಮೆಯವರು. ವೇತನ ಆಯೋಗಕ್ಕೂ ಅವರಿಗೂ ಸಂಬಂಧವಿಲ್ಲ. ಆಡಳಿತ ಮಂಡಳಿ ಮತ್ತು ಯೂನಿಯನ್ ಕೂತು ಮಾಡಿಕೊಳ್ಳುವ ವೇತನ ಒಪ್ಪಂದವೇ ಅವರಿಗೆ ಆಧಾರ. ಮೂರನೆಯವರು ಗುತ್ತಿಗೆದಾರನ ಹಾಜರಿ ಪುಸ್ತಕದಲ್ಲಿ ಹೆಸರಿರುವವರು. ಸಾರ್ವಜನಿಕ ವಲಯದ ಎಲ್ಲ ದೊಡ್ಡ ಕಾರ್ಖಾನೆಗಳಲ್ಲೂ ಶುಚಿ, ಕ್ಯಾಂಟೀನು, ಸಾಮಾನು ಸಾಗಣೆಯಂಥ ಕೆಲಸಗಳು ಇವರ ಮೇಲೆ ನಿಂತಿವೆ. ಇವರಿಗೆ ಕನಿಷ್ಠ ವೇತನವೇ ಬಹುಪಾಲು ಗರಿಷ್ಠ ವೇತನ.

ಕೆಳಗಿನ ಮೆಟ್ಟಿಲಿನಿಂದ ಶುರು ಮಾಡೋಣ. ಕೇಂದ್ರ ಸರ್ಕಾರದ ಮೊದಲ ಹಂತದ ನೌಕರನ ಆರಂಭದ ಮೂಲ ವೇತನ 18 ಸಾವಿರ ರೂಪಾಯಿ. 2025ರ ಜುಲೈನ ಲೆಕ್ಕದಲ್ಲಿ ತುಟ್ಟಿಭತ್ಯೆ ಶೇ 58, ಅಂದರೆ 10,440 ರೂಪಾಯಿ. ನಾಶಿಕದಂಥ 'ವೈ' ವರ್ಗದ ನಗರಕ್ಕೆ ಮನೆ ಬಾಡಿಗೆ ಭತ್ಯೆ ಶೇ 20, ಅಂದರೆ 3,600. ಮೂರನ್ನು ಕೂಡಿದರೆ 32,040. ಇನ್ನು ಗುತ್ತಿಗೆಯವನದ್ದು. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಗೊತ್ತು ಮಾಡಿದ ಕನಿಷ್ಠ ವೇತನದ ಪ್ರಕಾರ ದೊಡ್ಡ ನಗರಗಳ 'ಎ' ವಲಯದಲ್ಲಿ ಕುಶಲವಲ್ಲದ ಕೆಲಸಕ್ಕೆ ದಿನಕ್ಕೆ 783 ರೂಪಾಯಿ, ತಿಂಗಳಿಗೆ 20,358. ಸಣ್ಣ ಊರುಗಳ ವಲಯಗಳಲ್ಲಿ ಇದಕ್ಕಿಂತ ಕಡಿಮೆ. ಇದೂ ಕೇಂದ್ರ ಸರ್ಕಾರದ ವ್ಯಾಪ್ತಿಯ ಕೆಲಸಗಳಿಗೆ ಮಾತ್ರ. ಇಡೀ ದೇಶಕ್ಕೆಂದು ಕೇಂದ್ರ ಸೂಚಿಸಿದ ರಾಷ್ಟ್ರೀಯ ತಳಮಟ್ಟದ ವೇತನ 2019ರಲ್ಲಿ ದಿನಕ್ಕೆ 178 ರೂಪಾಯಿಗೆ ಬಂದದ್ದು, ವರ್ಷಗಟ್ಟಲೆ ಅಲ್ಲೇ ನಿಂತಿತು.

ಈ ಅಂತರ ಹೊಸದಲ್ಲ. ನ್ಯಾಯಮೂರ್ತಿ ಅಶೋಕ್ ಕುಮಾರ್ ಮಾಥುರ್ ನೇತೃತ್ವದ ಏಳನೆಯ ವೇತನ ಆಯೋಗ ಸರ್ಕಾರಿ ಮತ್ತು ಖಾಸಗಿ ಸಂಬಳಗಳನ್ನು ಹೋಲಿಸುವ ಅಧ್ಯಯನವನ್ನು ಅಹಮದಾಬಾದಿನ ಐಐಎಂಗೆ ವಹಿಸಿತ್ತು. ಸರ್ಕಾರದ ಅತ್ಯಂತ ಕೆಳಹಂತದ ಸಹಾಯಕನಿಗೆ ಎಲ್ಲ ಸೇರಿ ತಿಂಗಳಿಗೆ 22,579 ರೂಪಾಯಿ ಸಿಗುತ್ತಿದೆ, ಸಮೀಕ್ಷೆ ಮಾಡಿದ ಖಾಸಗಿ ಸಂಸ್ಥೆಗಳಲ್ಲಿ ಅದೇ ಕೆಲಸಕ್ಕೆ 8,000ದಿಂದ 9,500 ರೂಪಾಯಿ ಎಂದು 2015ರ ನವೆಂಬರಿನ ವರದಿಯಲ್ಲಿದೆ. ಎರಡು ಪಟ್ಟಿಗಿಂತ ಹೆಚ್ಚು. ಸರ್ಕಾರಿ ನೌಕರರಿಗೆ ಅತಿ ಸಂಬಳ ಎನ್ನುವವರು ಇವತ್ತಿಗೂ ಹಿಡಿದು ತೋರಿಸುವ ಅಂಕಿ ಇದು. ಅಂಕಿ ಸರಿಯಾಗಿಯೇ ಇದೆ. ಆದರೆ ಆ 22 ಸಾವಿರ ಮತ್ತು ಆ 9 ಸಾವಿರ ಹೇಗೆ ಹುಟ್ಟಿದವು ಎಂದು ಕೇಳಿದರೆ ಚಿತ್ರ ಬೇರೆಯಾಗುತ್ತದೆ.

ಸರ್ಕಾರಿ ಕನಿಷ್ಠ ಸಂಬಳದ ಹಿಂದೆ ಒಂದು ಅಡುಗೆಮನೆಯ ಲೆಕ್ಕವಿದೆ. ಕೂನೂರಿನ ಪೌಷ್ಟಿಕಾಂಶ ಪ್ರಯೋಗಾಲಯದ ನಿರ್ದೇಶಕರಾಗಿದ್ದ ವಾಲೇಸ್ ಅಯ್ಕ್ರಾಯ್ಡ್, ಕೆಲಸ ಮಾಡುವ ಭಾರತೀಯ ವಯಸ್ಕನಿಗೆ ದಿನಕ್ಕೆ 2,700 ಕ್ಯಾಲೊರಿ ಬೇಕು ಎಂದು ಲೆಕ್ಕ ಹಾಕಿದ್ದರು. 1957ರಲ್ಲಿ ಹದಿನೈದನೆಯ ಭಾರತೀಯ ಕಾರ್ಮಿಕ ಸಮ್ಮೇಳನ ಅದನ್ನೇ ಆಧಾರವಾಗಿಟ್ಟುಕೊಂಡಿತು. ಗಂಡ, ಹೆಂಡತಿ, ಇಬ್ಬರು ಮಕ್ಕಳ ಕುಟುಂಬವನ್ನು ಮೂರು ಬಳಕೆ ಘಟಕ ಎಂದು ಎಣಿಸಬೇಕು. ಅಕ್ಕಿ, ಗೋಧಿ, ಬೇಳೆ, ತರಕಾರಿ, ಹಾಲು, ಎಣ್ಣೆ. ವರ್ಷಕ್ಕೆ 72 ಗಜ ಬಟ್ಟೆ. ಬಾಡಿಗೆ, ಸೌದೆ, ದೀಪ. 1991ರಲ್ಲಿ ಸುಪ್ರೀಂ ಕೋರ್ಟ್ ರೆಪ್ಟಕೋಸ್ ಬ್ರೆಟ್ ಪ್ರಕರಣದಲ್ಲಿ ಇದಕ್ಕೆ ಮಕ್ಕಳ ಓದು, ಔಷಧಿ, ಹಬ್ಬ, ಮುಪ್ಪಿನ ಖರ್ಚು ಎಂದು ಇನ್ನೂ ಶೇ 25 ಸೇರಿಸಿತು. ಏಳನೆಯ ಆಯೋಗದ 18 ಸಾವಿರ ಈ ಸೂತ್ರದಿಂದ ಬಂದದ್ದು. ಅದರಲ್ಲಿ ಸಿನಿಮಾ ಇರಬಹುದು, ಆದರೆ ಕಾರಿಲ್ಲ. ಇಂಗ್ಲಿಷ್ ಶಾಲೆಯ ಡೊನೇಶನ್ನೂ ಇಲ್ಲ.

ಖಾಸಗಿಯ 9 ಸಾವಿರಕ್ಕೆ ಇಂಥ ಯಾವ ಲೆಕ್ಕವೂ ಇಲ್ಲ. ಗೇಟಿನ ಹೊರಗೆ ನಿಂತ ಮುಂದಿನವನು ಎಷ್ಟಕ್ಕೆ ಬರುತ್ತಾನೋ ಅಷ್ಟು. ನಾಶಿಕದ ಸಾತಪುರ, ಅಂಬಡ್ ಕೈಗಾರಿಕಾ ಪ್ರದೇಶಗಳಲ್ಲಾಗಲಿ, ಛತ್ರಪತಿ ಸಂಭಾಜಿನಗರದ ವಾಳುಜ್‌ನಲ್ಲಾಗಲಿ, ನಮ್ಮ ಪೀಣ್ಯದಲ್ಲಾಗಲಿ ಸಣ್ಣ ವರ್ಕ್‌ಶಾಪಿನ ಸಂಬಳ ನಿರ್ಧಾರವಾಗುವುದು ಹೀಗೆಯೇ. ದೇಶದಲ್ಲಿ ತಿಂಗಳ ಸಂಬಳದವರ ಸರಾಸರಿ ಗಳಿಕೆ 20 ಸಾವಿರದ ಆಸುಪಾಸು, ಅರ್ಧಕ್ಕಿಂತ ಹೆಚ್ಚು ಮಂದಿಗೆ ಲಿಖಿತ ಕರಾರೇ ಇಲ್ಲ ಎನ್ನುತ್ತದೆ ಕೇಂದ್ರದ ಕಾರ್ಮಿಕ ಬಲ ಸಮೀಕ್ಷೆ. ಹಾಗಾಗಿ ಕೆಳಹಂತದ ಹೋಲಿಕೆ ನನಗೆ ಹೇಳುವುದು ಇಷ್ಟು: ಒಂದು ಕಡೆ ಒಂದು ಕುಟುಂಬ ಬದುಕಲು ಎಷ್ಟು ಬೇಕು ಎಂದು ಕೇಳಿ ಸಂಬಳ ಕೊಟ್ಟಿದ್ದಾರೆ, ಇನ್ನೊಂದು ಕಡೆ ಆ ಪ್ರಶ್ನೆಯನ್ನೇ ಕೇಳಿಲ್ಲ. ಎರಡರ ನಡುವಿನ ಅಂತರಕ್ಕೆ ಮೊದಲಿನವನನ್ನು ಹೊಣೆ ಮಾಡುವುದು ಅನ್ಯಾಯ.

ಬೆಂಗಳೂರಿನ ಪೌರಕಾರ್ಮಿಕರನ್ನು ನೋಡಿ. 2025ರ ಮೇ 1ರಂದು ಬಿಬಿಎಂಪಿಯ 12,692 ಪೌರಕಾರ್ಮಿಕರಿಗೆ ಕಾಯಂ ನೇಮಕಾತಿ ಪತ್ರ ಸಿಕ್ಕಿತು. ಹಿಂದಿನ ದಿನದವರೆಗೆ ದುಡಿಯುತ್ತಿದ್ದ ಅದೇ ಹೆಣ್ಣುಮಗಳು, ಅದೇ ಬೀದಿ, ಅದೇ ಪೊರಕೆ. ಬದಲಾದದ್ದು ಸಂಬಳದ ಲೆಕ್ಕ ಮಾತ್ರ. ರಾಜ್ಯದ ಏಳನೆಯ ವೇತನ ಆಯೋಗದ ಪ್ರಕಾರ ಸರ್ಕಾರಿ ನೌಕರರ ಕನಿಷ್ಠ ಮೂಲ ವೇತನ ಈಗ 27 ಸಾವಿರ. ಆಕೆಗೆ ಈಗ ಅತಿಯಾಗಿ ಕೊಡುತ್ತಿದ್ದೇವೆಯೋ ಅಥವಾ ಇಷ್ಟು ವರ್ಷ ಕಡಿಮೆ ಕೊಟ್ಟೆವೋ? ನನ್ನ ಮಟ್ಟಿಗೆ ಉತ್ತರದಲ್ಲಿ ಸಂಶಯವಿಲ್ಲ.

ಮೇಲಿನ ಮೆಟ್ಟಿಲುಗಳಲ್ಲಿ ತಕ್ಕಡಿ ಇನ್ನೊಂದು ಕಡೆಗೆ ವಾಲುತ್ತದೆ. ಭಾರತ ಸರ್ಕಾರದ ಕಾರ್ಯದರ್ಶಿಯ ಮೂಲ ವೇತನ ತಿಂಗಳಿಗೆ 2.25 ಲಕ್ಷ. ಎಚ್‌ಎಎಲ್‌ನಂಥ ದೊಡ್ಡ ಉದ್ದಿಮೆಯ ಅಧ್ಯಕ್ಷರ ವೇತನ ಶ್ರೇಣಿ 2017ರ ಪರಿಷ್ಕರಣೆಯಂತೆ 2 ಲಕ್ಷದಿಂದ 3.7 ಲಕ್ಷ. ವರ್ಷಕ್ಕೆ 30 ಸಾವಿರ ಕೋಟಿ ರೂಪಾಯಿ ವಹಿವಾಟಿನ, 2024ರಲ್ಲಿ ಮಹಾರತ್ನ ದರ್ಜೆಗೇರಿದ ಕಂಪನಿಯ ಮುಖ್ಯಸ್ಥರಿಗೆ ಈ ಸಂಬಳ. ಬೆಂಗಳೂರಿನ ಹೊರವರ್ತುಲ ರಸ್ತೆಯ ಕಂಪನಿಗಳಲ್ಲಿ ಹದಿನೈದು ವರ್ಷ ಅನುಭವವಿರುವ ತಂತ್ರಜ್ಞರಿಗೆ ಇಷ್ಟು ಸಿಗುವುದು ಅಪರೂಪವೇನಲ್ಲ. ಯುದ್ಧವಿಮಾನದ ವಿನ್ಯಾಸ ಗೊತ್ತಿರುವ ಎಂಜಿನಿಯರ್ ಎಚ್‌ಎಎಲ್‌ನಲ್ಲೇ ಉಳಿದಿದ್ದಾನೆ ಎಂದರೆ ಸಂಬಳದಾಚೆಯ ಏನೋ ಅವನನ್ನು ಹಿಡಿದಿಟ್ಟಿದೆ ಎಂದೇ ಅರ್ಥ.

ಇದು ಭಾರತದ ವಿಶೇಷವಲ್ಲ. ಅಮೆರಿಕದ ಸಂಸತ್ತಿನ ಬಜೆಟ್ ಕಚೇರಿ 2017ರಲ್ಲಿ ಇದೇ ಹೋಲಿಕೆ ಮಾಡಿತು. ಹೈಸ್ಕೂಲು ಮಟ್ಟದವರೆಗೆ ಓದಿದ ಒಕ್ಕೂಟ ಸರ್ಕಾರದ ನೌಕರರಿಗೆ ಖಾಸಗಿಯವರಿಗಿಂತ ಸಂಬಳ ಶೇ 34 ಹೆಚ್ಚು, ಪದವೀಧರರಿಗೆ ಶೇ 5 ಹೆಚ್ಚು, ಡಾಕ್ಟರೇಟ್ ಅಥವಾ ವೃತ್ತಿಪರ ಪದವಿಯವರಿಗೆ ಶೇ 24 ಕಡಿಮೆ. ಸರ್ಕಾರಗಳು ಎಲ್ಲ ಕಡೆಯೂ ಮೇಲಿನವರ ಮತ್ತು ಕೆಳಗಿನವರ ಸಂಬಳವನ್ನು ಹತ್ತಿರ ಹತ್ತಿರ ಇಡುತ್ತವೆ, ಮಾರುಕಟ್ಟೆ ದೂರ ಎಳೆಯುತ್ತದೆ. ನಮ್ಮಲ್ಲಿ ಸಂಪುಟ ಕಾರ್ಯದರ್ಶಿಯ 2.5 ಲಕ್ಷಕ್ಕೂ ಮೊದಲ ಹಂತದ 18 ಸಾವಿರಕ್ಕೂ ಸುಮಾರು ಹದಿನಾಲ್ಕು ಪಟ್ಟು ಅಂತರ. ಖಾಸಗಿ ಕಂಪನಿಗಳಲ್ಲಿ ನೂರಾರು ಪಟ್ಟು. 'ಸರ್ಕಾರಿ ನೌಕರ' ಎಂಬ ಒಂದೇ ಹೆಸರಿನಡಿ ಸರಾಸರಿ ತೆಗೆದು ಹೋಲಿಸುವವರು ಈ ಎರಡು ತುದಿಗಳನ್ನೂ ಕಾಣದಂತೆ ಮಾಡುತ್ತಾರೆ.

ಹಾಗಾದರೆ ಅತಿ ಸಂಬಳ ಎಲ್ಲೂ ಇಲ್ಲವೇ? ಇದೆ, ನಡುವಿನ ಮೆಟ್ಟಿಲುಗಳಲ್ಲಿ. ಅದನ್ನು ಒಪ್ಪಿಕೊಳ್ಳದೆ ಈ ಚರ್ಚೆ ಪ್ರಾಮಾಣಿಕವಾಗದು. ಕಾರ್ತಿಕ್ ಮುರಳೀಧರನ್ ಮತ್ತು ಸಂಗಡಿಗರು ಆಂಧ್ರದ ಹಳ್ಳಿಗಳಲ್ಲಿ ನಡೆಸಿದ ಅಧ್ಯಯನದಲ್ಲಿ ಖಾಸಗಿ ಶಾಲೆಯ ಶಿಕ್ಷಕರ ಸಂಬಳ ಸರ್ಕಾರಿ ಶಿಕ್ಷಕರದ್ದರ ಆರನೇ ಒಂದು ಭಾಗಕ್ಕಿಂತ ಕಡಿಮೆಯಿತ್ತು. ತೆಲುಗು ಮತ್ತು ಗಣಿತದಲ್ಲಿ ಎರಡೂ ಕಡೆಯ ಮಕ್ಕಳ ಕಲಿಕೆ ಹೆಚ್ಚುಕಡಿಮೆ ಒಂದೇ. ಇಂಡೊನೇಷ್ಯಾದಲ್ಲಿ ಪ್ರಮಾಣೀಕೃತ ಶಿಕ್ಷಕರ ಮೂಲ ವೇತನವನ್ನು ದುಪ್ಪಟ್ಟು ಮಾಡಿದಾಗ ಶಿಕ್ಷಕರಿಗೆ ನೆಮ್ಮದಿ ಹೆಚ್ಚಿತು, ಸಾಲದ ಒತ್ತಡ ತಗ್ಗಿತು, ಮಕ್ಕಳ ಕಲಿಕೆ ಮಾತ್ರ ಇದ್ದಲ್ಲೇ ಇತ್ತು. ಖಾಸಗಿ ಶಾಲೆಯ ಟೀಚರಮ್ಮನಿಗೆ ಕೊಡುವ ಚಿಲ್ಲರೆ ಸಂಬಳ ನಾಚಿಕೆಗೇಡು ಎನ್ನುವುದು ನಿಜ. ಸರ್ಕಾರಿ ಸಂಬಳ ಏರಿದಷ್ಟೂ ಕೆಲಸ ತಾನಾಗಿ ಏರುವುದಿಲ್ಲ ಎನ್ನುವುದೂ ಅಷ್ಟೇ ನಿಜ. ಬಡ್ತಿ, ವಾರ್ಷಿಕ ವೇತನ ಬಡ್ತಿ ಎರಡೂ ಕಾಲದ ಲೆಕ್ಕದಲ್ಲಿ ಬರುತ್ತವೆ. ಚೆನ್ನಾಗಿ ಮಾಡುವವನಿಗೂ ಕೈಕಟ್ಟಿ ಕೂರುವವನಿಗೂ ಜುಲೈನಲ್ಲಿ ಒಂದೇ ಶೇ 3.

ಸಂಬಳ ಹೊರಗಿನದಕ್ಕಿಂತ ಎಷ್ಟು ಹೆಚ್ಚು ಎಂಬುದನ್ನು ಅಳೆಯಲು ಸಮೀಕ್ಷೆಯೇ ಬೇಕಿಲ್ಲ, ಅರ್ಜಿ ಹಾಕಿದವರ ಸಾಲು ನೋಡಿದರೂ ಸಾಕು. 2023ರಲ್ಲಿ ಮಹಾರಾಷ್ಟ್ರದಲ್ಲಿ ತಲಾಠಿ, ಅಂದರೆ ನಮ್ಮ ಗ್ರಾಮ ಲೆಕ್ಕಿಗನಂಥ 4,644 ಹುದ್ದೆಗಳಿಗೆ 10 ಲಕ್ಷಕ್ಕೂ ಹೆಚ್ಚು ಅರ್ಜಿ ಬಂದವು. 2015ರಲ್ಲಿ ಉತ್ತರ ಪ್ರದೇಶದ 368 ಜವಾನ ಹುದ್ದೆಗಳಿಗೆ 23 ಲಕ್ಷ ಅರ್ಜಿಗಳು, ಅವರಲ್ಲಿ ಪಿಎಚ್‌.ಡಿ. ಪಡೆದವರೂ ಇದ್ದರು. ಕರ್ನಾಟಕದಲ್ಲಿ 545 ಪಿಎಸ್‌ಐ ಹುದ್ದೆಗಳ ಪರೀಕ್ಷೆಯಲ್ಲಿ ಲಕ್ಷಾಂತರ ರೂಪಾಯಿ ಕೈಬದಲಾದ ಆರೋಪ ಎದ್ದು 2022ರಲ್ಲಿ ಫಲಿತಾಂಶವನ್ನೇ ರದ್ದುಪಡಿಸಬೇಕಾಯಿತು. ಜೀವಮಾನವಿಡೀ ಸಿಗುವ ಹೆಚ್ಚುವರಿ ಸಂಬಳಕ್ಕೆ ಕಳ್ಳಸಂತೆಯಲ್ಲಿ ಕಟ್ಟಿದ ಬೆಲೆ ಅದು. ಧಾರವಾಡದ ಕೋಚಿಂಗ್ ಸೆಂಟರುಗಳಲ್ಲಿ, ಛತ್ರಪತಿ ಸಂಭಾಜಿನಗರದ ಅಭ್ಯಾಸಿಕೆ ಎಂಬ ಓದುಕೋಣೆಗಳಲ್ಲಿ ಇಪ್ಪತ್ತೆರಡರಿಂದ ಮೂವತ್ತೆರಡರವರೆಗಿನ ವಯಸ್ಸನ್ನು ಕಳೆದು ಬರಿಗೈಯಲ್ಲಿ ಊರಿಗೆ ಮರಳುವ ಮಕ್ಕಳ ಹತ್ತು ವರ್ಷವನ್ನು ಯಾವ ಬಜೆಟ್ಟೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವರನ್ನು ಕಂಡಾಗಲೆಲ್ಲ ಈ ವಿಷಯ ನನಗೆ ಬರೀ ಅಂಕಿಸಂಖ್ಯೆಯಾಗಿ ಉಳಿಯುವುದಿಲ್ಲ.

ಓಝರಿನ ಎರಡನೆಯ ಚೀಟಿಗೆ, ಎಚ್‌ಎಎಲ್ ಕಾಯಂ ಕಾರ್ಮಿಕರ ಚೀಟಿಗೆ ಬರೋಣ. ಸುತ್ತಲಿನ ಊರಿನವರ ಕಣ್ಣಿಗೆ ಇವರೂ ಸರ್ಕಾರಿ ನೌಕರರೇ. ಆದರೆ ಇವರಿಗೆ ಸರ್ಕಾರಿ ಪಿಂಚಣಿಯಿಲ್ಲ. ಭವಿಷ್ಯ ನಿಧಿ, ಗ್ರಾಚ್ಯುಟಿ, ಕಂಪನಿಯೇ ರೂಪಿಸಿದ ಕೊಡುಗೆ ಆಧಾರಿತ ಯೋಜನೆಗಳು ಇವೆ. ಸಾರ್ವಜನಿಕ ಉದ್ದಿಮೆಗಳಲ್ಲಿ ನಿವೃತ್ತಿ ಸೌಲಭ್ಯಕ್ಕೆಲ್ಲ ಸೇರಿ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ 30ರ ಮಿತಿ ಇದೆ. ಕಾರ್ಮಿಕರ ಪಿಂಚಣಿ ಯೋಜನೆಯಾದ ಇಪಿಎಸ್-95ರಲ್ಲಿ ಕನಿಷ್ಠ ಪಿಂಚಣಿ 2014ರಿಂದ ತಿಂಗಳಿಗೆ 1,000 ರೂಪಾಯಿ. ಸಂಬಳದ ಮಿತಿ 15 ಸಾವಿರ ಇರುವುದರಿಂದ ಮೂವತ್ತೈದು ವರ್ಷ ದುಡಿದರೂ 7,500ರ ಸುತ್ತಮುತ್ತ ನಿಲ್ಲುತ್ತದೆ.

2019ರ ಅಕ್ಟೋಬರ್ 14ರಂದು ಎಚ್‌ಎಎಲ್‌ನ ಸುಮಾರು 20 ಸಾವಿರ ಕಾರ್ಮಿಕರು ಅನಿರ್ದಿಷ್ಟ ಮುಷ್ಕರಕ್ಕಿಳಿದರು. ಬೆಂಗಳೂರು, ಓಝರ್, ಹೈದರಾಬಾದ್, ಕೋರಾಪುಟ್, ಲಖನೌ, ಕಾನ್ಪುರ, ಕೊರ್ವಾ, ಬ್ಯಾರಕ್‌ಪುರ, ಕೊನೆಗೆ ನಮ್ಮ ಕಾಸರಗೋಡಿನ ಸೀತಾಂಗೋಳಿಯ ಘಟಕವೂ ಸೇರಿ ಒಂಬತ್ತು ಕಡೆ ಕೆಲಸ ನಿಂತಿತು. ಖಾಸಗಿಯವರಷ್ಟು ಕೊಡಿ ಎಂದು ಅವರು ಕೇಳಲಿಲ್ಲ. ಅದೇ ಕಂಪನಿಯ ಅಧಿಕಾರಿಗಳಿಗೆ 2017ರ ಜನವರಿಯಿಂದ ಅನ್ವಯವಾಗುವಂತೆ ಶೇ 15 ಫಿಟ್‌ಮೆಂಟ್ (ಮೂಲ ವೇತನ ಮತ್ತು ತುಟ್ಟಿಭತ್ಯೆಯ ಮೇಲಿನ ಏರಿಕೆ), ಶೇ 35ರವರೆಗೆ ಇತರ ಭತ್ಯೆ ಕೊಟ್ಟಿದ್ದೀರಿ, ನಮಗೂ ಅದನ್ನೇ ಕೊಡಿ ಎಂಬುದು ಅವರ ಬೇಡಿಕೆ. ಆಡಳಿತ ಮಂಡಳಿ ಶೇ 11 ಮತ್ತು ಶೇ 22ರವರೆಗೆ ಬಂದು ನಿಂತಿತು. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ ಎಂಬ ಭಾವನೆ ಕಾರ್ಮಿಕರದ್ದು. ವಾರ ಕಳೆದ ಮೇಲೆ ಕರ್ನಾಟಕ ಹೈಕೋರ್ಟಿನ ಮಧ್ಯಪ್ರವೇಶದಿಂದ ಮುಷ್ಕರ ನಿಂತಿತು.

ಅದೇ ವರ್ಷದ ಜನವರಿಯಲ್ಲಿ ಸಂಬಳ ಕೊಡಲು ಎಚ್‌ಎಎಲ್ 962 ಕೋಟಿ ರೂಪಾಯಿ ಸಾಲ ಎತ್ತಿತ್ತು. ಕಂಪನಿ ನಷ್ಟದಲ್ಲಿರಲಿಲ್ಲ. ಮುಖ್ಯ ಗಿರಾಕಿಯಾದ ವಾಯುಪಡೆಯಿಂದ ಬರಬೇಕಾದ ಬಾಕಿ ಬಂದಿರಲಿಲ್ಲ. ಸರ್ಕಾರಿ ವಲಯದ ಸಂಬಳವನ್ನು ಖಾಸಗಿಯದಕ್ಕೆ ಹೋಲಿಸುವುದು ಎಷ್ಟು ತೊಡಕಿನ ಕೆಲಸ ಎಂಬುದು ಇಲ್ಲಿ ತಿಳಿಯುತ್ತದೆ. ಮಾಲೀಕ ಸರ್ಕಾರ, ಗಿರಾಕಿ ಸರ್ಕಾರ, ಸಂಬಳದ ಮಿತಿ ಹಾಕುವುದೂ ಸರ್ಕಾರ. ಓಝರಿನಲ್ಲಿ ಕಟ್ಟಿದ ಸುಖೋಯ್ ರಷ್ಯಾದಿಂದ ನೇರ ತಂದದ್ದಕ್ಕಿಂತ ದುಬಾರಿ ಎಂಬ ಟೀಕೆ ಬಂದಾಗ ಕಾರ್ಮಿಕರ ಸಂಬಳದತ್ತ ಬೆರಳು ತೋರಿಸಿದವರಿದ್ದರು. ಆದರೆ ಬಿಡಿಭಾಗ, ಕಚ್ಚಾ ಲೋಹ, ಪರವಾನಗಿ ಎಲ್ಲಕ್ಕೂ ರಷ್ಯಾದ ಮೇಲೆಯೇ ಅವಲಂಬಿಸಿ, ವರ್ಷಕ್ಕೆ ಬೆರಳೆಣಿಕೆಯಷ್ಟು ವಿಮಾನ ಕಟ್ಟುವ ಕಾರ್ಖಾನೆಯ ಖರ್ಚನ್ನು ಫಿಟ್ಟರನ ಸಂಬಳದ ಚೀಟಿಯಿಂದ ವಿವರಿಸಲಾಗದು.

ಬೆಂಗಳೂರಿಗೆ ಇದಕ್ಕಿಂತ ಹಳೆಯ ನೆನಪಿದೆ. 1980ರ ಡಿಸೆಂಬರ್ ಕೊನೆಯಲ್ಲಿ ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿ, ಬಿಇಎಂಎಲ್ ಕಾರ್ಮಿಕರು ಒಟ್ಟಾಗಿ ಶುರು ಮಾಡಿದ ಮುಷ್ಕರ 77 ದಿನ ನಡೆಯಿತು. ಭಾಗವಹಿಸಿದವರು ಲಕ್ಷಕ್ಕೂ ಹೆಚ್ಚು. ಅವರ ಅಳತೆಗೋಲೂ ಖಾಸಗಿ ಕಂಪನಿಯಾಗಿರಲಿಲ್ಲ, ಇನ್ನೊಂದು ಸಾರ್ವಜನಿಕ ಉದ್ದಿಮೆಯಾದ ಬಿಎಚ್‌ಇಎಲ್ ಆಗಿತ್ತು. ದುಡಿಯುವವರು ತಮ್ಮ ಸಂಬಳವನ್ನು ಪಕ್ಕದ ಬೆಂಚಿನವನ ಸಂಬಳದೊಡನೆ ಹೋಲಿಸಿಕೊಳ್ಳುತ್ತಾರೆ. ಆ ಮುಷ್ಕರ ಮುಖ್ಯ ಬೇಡಿಕೆ ಈಡೇರದೆ ಮುಗಿಯಿತು.

ಹಾಗೆ ಪಕ್ಕಕ್ಕೆ ನೋಡಿಕೊಳ್ಳುವುದಾದರೆ ಮೂರನೆಯ ಚೀಟಿಯವರು ಏನು ಹೇಳಬೇಕು? ಗುತ್ತಿಗೆ ಕಾರ್ಮಿಕರ 1970ರ ಕಾಯ್ದೆಯಡಿ ರೂಪುಗೊಂಡ ಕೇಂದ್ರದ ನಿಯಮ, ಗುತ್ತಿಗೆಯವನು ಕಾಯಂ ಕಾರ್ಮಿಕನ ಕೆಲಸವನ್ನೇ ಅಥವಾ ಅಂಥದ್ದನ್ನೇ ಮಾಡುತ್ತಿದ್ದರೆ ಅದೇ ಸಂಬಳ ಕೊಡಬೇಕು ಎಂದಿತ್ತು. 2016ರಲ್ಲಿ ಜಗಜೀತ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತಾತ್ಕಾಲಿಕ ನೌಕರರಿಗೂ ಸಮಾನ ಕೆಲಸಕ್ಕೆ ಸಮಾನ ವೇತನ ಎಂದು ತೀರ್ಪಿತ್ತಿತು. ಆದರೆ ಕಾಯಂ ಆಗುವ ದಾರಿಯನ್ನು 2006ರಲ್ಲೇ ಕರ್ನಾಟಕದಿಂದ ಹೋದ ಉಮಾದೇವಿ ಪ್ರಕರಣ ಬಹುಮಟ್ಟಿಗೆ ಮುಚ್ಚಿತ್ತು. ನಮ್ಮ ವಾಣಿಜ್ಯ ತೆರಿಗೆ ಇಲಾಖೆಯಲ್ಲಿ ವರ್ಷಾನುಗಟ್ಟಲೆ ದಿನಗೂಲಿಯಲ್ಲಿ ದುಡಿದವರ ಪ್ರಕರಣ ಅದು. 2025ರ ನವೆಂಬರ್ 21ರಿಂದ ಹಳೆಯ ಕಾಯ್ದೆಯ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ. ಸಂಸ್ಥೆಯ ಮುಖ್ಯ ಚಟುವಟಿಕೆಗೆ ಗುತ್ತಿಗೆ ಕಾರ್ಮಿಕರು ಬೇಡ ಎಂದು ಅದು ಹೇಳುತ್ತದೆ. ಆದರೆ ಶುಚಿ, ಕಾವಲು, ಕ್ಯಾಂಟೀನುಗಳನ್ನು ಮುಖ್ಯ ಚಟುವಟಿಕೆಯಿಂದ ಸಾಮಾನ್ಯವಾಗಿ ಹೊರಗಿಡುತ್ತದೆ.

ತೇಜಸ್‌ನ ವಿಷಯದಲ್ಲಿ ಇನ್ನೂ ದೊಡ್ಡದೊಂದು ಬದಲಾವಣೆ ಆಗಿದೆ. ರೆಕ್ಕೆಗಳು ಕೊಯಮತ್ತೂರಿನ ಎಲ್ ಅಂಡ್ ಟಿಯಿಂದ, ನಡುಭಾಗ ಹೈದರಾಬಾದಿನ ವಿಇಎಂ ಟೆಕ್ನಾಲಜೀಸ್‌ನಿಂದ, ಹಿಂಭಾಗ ಬೆಂಗಳೂರಿನ ಆಲ್ಫಾ ಟೊಕಾಲ್‌ನಿಂದ, ಮುಂಭಾಗ ಡೈನಮ್ಯಾಟಿಕ್‌ನಿಂದ ಬರುವಂತೆ ಎಚ್‌ಎಎಲ್ ಏರ್ಪಾಡು ಮಾಡಿದೆ. ವೇಗ ಹೆಚ್ಚಬೇಕಾದರೆ ಇದು ಬೇಕು. ಒಟ್ಟು 180 ಮಾರ್ಕ್-1ಎ ವಿಮಾನಗಳ ಆದೇಶ ಕೈಯಲ್ಲಿದೆ, ಓಝರಿನ ಘಟಕದ ಸಾಮರ್ಥ್ಯ ವರ್ಷಕ್ಕೆ ಎಂಟು. ಆದರೆ ಇದರಿಂದ 'ಸರ್ಕಾರಿ ಸಂಬಳ' ಮತ್ತು 'ಖಾಸಗಿ ಸಂಬಳ' ಎರಡೂ ಒಂದೇ ವಿಮಾನದ ಒಡಲೊಳಗೆ ಸೇರಿಕೊಂಡಿವೆ. ಎರಡಕ್ಕೂ ದುಡ್ಡು ಬರುವುದು ತೆರಿಗೆದಾರನ ಜೇಬಿನಿಂದಲೇ.

ಸಂಬಳ ಹೆಚ್ಚೆಂಬ ಕಾರಣಕ್ಕೆ ಸರ್ಕಾರಗಳು ಹುಡುಕಿಕೊಂಡ ಉಪಾಯವೇ ನನ್ನನ್ನು ಹೆಚ್ಚು ಕಾಡುವುದು. ಸಂಬಳ ಕಡಿಮೆ ಮಾಡುವ ಧೈರ್ಯ ಯಾವ ಸರ್ಕಾರಕ್ಕೂ ಇಲ್ಲ. ಹಾಗಾಗಿ ಅವು ಹುದ್ದೆಯನ್ನೇ ತುಂಬುವುದಿಲ್ಲ. 2021ರ ಮಾರ್ಚ್ ಹೊತ್ತಿಗೆ ಕೇಂದ್ರದ 40 ಲಕ್ಷ ಮಂಜೂರಾದ ಹುದ್ದೆಗಳಲ್ಲಿ 9.79 ಲಕ್ಷ ಖಾಲಿಯಿದ್ದವು. ಕರ್ನಾಟಕದಲ್ಲಿ ಎರಡೂವರೆ ಲಕ್ಷಕ್ಕೂ ಮೀರಿ ಖಾಲಿ. ರಾಜ್ಯದ ಏಳನೆಯ ವೇತನ ಆಯೋಗದ ಶಿಫಾರಸನ್ನು 2024ರ ಆಗಸ್ಟ್‌ನಿಂದ ಜಾರಿ ಮಾಡಿದಾಗ ಮುಖ್ಯಮಂತ್ರಿ ಸಿದ್ದರಾಮಯ್ಯ ಹೇಳಿದ ವಾರ್ಷಿಕ ಹೆಚ್ಚುವರಿ ಹೊರೆ 20 ಸಾವಿರ ಕೋಟಿ ರೂಪಾಯಿಗೂ ಹೆಚ್ಚು. ಒಳಗಿರುವವರ ಸಂಬಳ ಏರುತ್ತದೆ, ಒಳಗೆ ಬರುವವರ ಸಂಖ್ಯೆ ಇಳಿಯುತ್ತದೆ, ಖಾಲಿ ಜಾಗಕ್ಕೆ ಅತಿಥಿ ಉಪನ್ಯಾಸಕ, ಹೊರಗುತ್ತಿಗೆ ಡೇಟಾ ಎಂಟ್ರಿ ಆಪರೇಟರ್, ಗೌರವಧನದ ಅಂಗನವಾಡಿ ಕಾರ್ಯಕರ್ತೆ ಬರುತ್ತಾರೆ. 2023ರಲ್ಲಿ ಮಹಾರಾಷ್ಟ್ರ ಸರ್ಕಾರ ಒಂಬತ್ತು ಖಾಸಗಿ ಏಜೆನ್ಸಿಗಳ ಮೂಲಕ ಗುತ್ತಿಗೆ ನೇಮಕಾತಿಗೆ ಆದೇಶ ಹೊರಡಿಸಿ, ಯುವಕರ ಸಿಟ್ಟಿಗೆ ಮಣಿದು ಅಕ್ಟೋಬರ್ 20ರಂದು ಹಿಂದೆಗೆದುಕೊಂಡಿತು. ಅದೇ ವರ್ಷದ ಮಾರ್ಚ್‌ನಲ್ಲಿ ಅಲ್ಲಿನ ಲಕ್ಷಾಂತರ ನೌಕರರು ಹಳೆಯ ಪಿಂಚಣಿಗಾಗಿ ಒಂದು ವಾರ ಮುಷ್ಕರ ಮಾಡಿದ್ದರು. ಅದೇ ಮಾರ್ಚ್ 1ರಂದು ಕರ್ನಾಟಕದ ನೌಕರರು ಕೆಲಸ ನಿಲ್ಲಿಸಿ ಶೇ 17ರ ಮಧ್ಯಂತರ ಪರಿಹಾರ ಪಡೆದಿದ್ದರು. ಆ ಮುಷ್ಕರಗಳ ಬೇಡಿಕೆ ಪಟ್ಟಿಯಲ್ಲಿ ಗುತ್ತಿಗೆಯವರ ಹೆಸರು ಇದ್ದಲ್ಲೂ ಅದಕ್ಕಾಗಿ ಮಾತುಕತೆ ಮುರಿದದ್ದು ನನಗೆ ನೆನಪಿಲ್ಲ.

ಸರ್ಕಾರ ಅತಿಯಾಗಿ ಕೊಡುತ್ತಿದೆಯೇ ಎಂದು ಕೇಳಿದರೆ ನಾನು ಹೇಳುವುದು: ಕೆಳಹಂತದಲ್ಲಿ ಕೊಡುತ್ತಿರುವುದು ಸರಿಯಾದದ್ದು, ಮೇಲ್ಹಂತದಲ್ಲಿ ಕಡಿಮೆ, ನಡುವೆ ಕೆಲಸದ ಲೆಕ್ಕವಿಲ್ಲದೆ ಹೆಚ್ಚು. ಆದರೆ ಎಲ್ಲಕ್ಕಿಂತ ದೊಡ್ಡ ತಪ್ಪು ಹಂಚಿಕೆಯದ್ದು. ಅದೇ ಮೊತ್ತದಲ್ಲಿ ಇನ್ನಷ್ಟು ಜನರಿಗೆ ಭದ್ರವಾದ, ಬದುಕಲು ಸಾಕಾಗುವ ಸಂಬಳ ಕೊಡಬಹುದಿತ್ತು. ಹೊಸದಾಗಿ ಸೇರುವವರ ನಡುಹಂತದ ಆರಂಭಿಕ ಸಂಬಳವನ್ನು ತುಸು ತಗ್ಗಿಸಿ, ಕೆಲಸಕ್ಕೆ ತಕ್ಕಂತೆ ಏರುವ ದಾರಿ ಇಟ್ಟು, ಉಳಿದ ಹಣದಲ್ಲಿ ಖಾಲಿ ಹುದ್ದೆ ತುಂಬಬೇಕು ಎಂದು ಮುರಳೀಧರನ್ ತಮ್ಮ 2024ರ ಪುಸ್ತಕದಲ್ಲಿ ವಾದಿಸಿರುವ ದಾರಿಯ ಬಗ್ಗೆ ಯೂನಿಯನ್‌ಗಳು ಮುನಿಯುವ ಬದಲು ಮಾತಿಗೆ ಕೂರಬೇಕು. ಸದಸ್ಯರ ಮಕ್ಕಳೂ ನಾಳೆ ಅದೇ ಸಾಲಿನಲ್ಲಿ ಅರ್ಜಿ ಹಿಡಿದು ನಿಲ್ಲುವವರು.

ಎಂಟನೆಯ ಕೇಂದ್ರ ವೇತನ ಆಯೋಗದ ಪರಿಶೀಲನಾ ವಿಷಯಗಳಿಗೆ 2025ರ ಅಕ್ಟೋಬರ್ 28ರಂದು ಸಂಪುಟ ಒಪ್ಪಿಗೆ ನೀಡಿತು. ಅಧ್ಯಕ್ಷರು ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ರಂಜನಾ ಪ್ರಕಾಶ್ ದೇಸಾಯಿ. ಸದಸ್ಯರಲ್ಲಿ ಬೆಂಗಳೂರು ಐಐಎಂನ ಪ್ರಾಧ್ಯಾಪಕ ಪುಲಕ್ ಘೋಷ್ ಇದ್ದಾರೆ. ವರದಿಗೆ 18 ತಿಂಗಳ ಗಡುವು. ಸಾರ್ವಜನಿಕ ಉದ್ದಿಮೆಗಳ ಮತ್ತು ಖಾಸಗಿ ವಲಯದ ಸಂಬಳ, ಸೌಲಭ್ಯ, ಕೆಲಸದ ಸ್ಥಿತಿಗಳನ್ನು ಗಮನದಲ್ಲಿಡಬೇಕು ಎಂದು ಆ ವಿಷಯಪಟ್ಟಿಯಲ್ಲೇ ಬರೆದಿದೆ. ಸಾರ್ವಜನಿಕ ಉದ್ದಿಮೆಗಳ ಅಧಿಕಾರಿಗಳ ವೇತನದ ಹತ್ತು ವರ್ಷದ ಅವಧಿಯೂ 2026ರ ಕೊನೆಗೆ ಮುಗಿಯುತ್ತದೆ. ಆಯೋಗ ಈ ಸಲವೂ ಹೋಲಿಕೆಯ ಅಧ್ಯಯನ ಮಾಡಿಸುವುದಾದರೆ ಓಝರಿನಂಥ ಊರಿಗೇ ಬರಲಿ. ಡಿಪೋದ ಸಿವಿಲಿಯನ್ ನೌಕರನ ಚೀಟಿ, ಎಚ್‌ಎಎಲ್ ಫಿಟ್ಟರನ ಚೀಟಿ, ಸಾತಪುರದ ವರ್ಕ್‌ಶಾಪಿನವನ ಚೀಟಿ ಮೂರನ್ನೂ ತೆಗೆದುಕೊಳ್ಳಲಿ. ಅದರ ಪಕ್ಕದಲ್ಲಿ, ಸರ್ಕಾರದ ದುಡ್ಡಿನಲ್ಲಿ ಸರ್ಕಾರದ ಆವರಣದೊಳಗೇ ದುಡಿಯುತ್ತ ಯಾವ ಆಯೋಗದ ವ್ಯಾಪ್ತಿಗೂ ಬಾರದ ಗುತ್ತಿಗೆಯವನ ಸಂಬಳಕ್ಕೂ ಕೋಷ್ಟಕದಲ್ಲಿ ಒಂದು ಕಾಲಂ ಹಾಕಲಿ.